ಹಳೆಯ ಎಂಜಿನ್ನಿನ ನಾಡಿಪರೀಕ್ಷೆ

ಹಳೆಯ ಕಾರುಗಳಿಗೆ ಮರುಜೀವ ಕೊಡುವುದು ಇಂಗ್ಲೆಂಡಿನ ಅನೇಕ ಗೃಹಸ್ಥರಿಗೆ ಅಚ್ಚುಮೆಚ್ಚಿನ ಹವ್ಯಾಸ. ರಜಾದಿನಗಳನ್ನೆಲ್ಲ ಗ್ಯಾರೇಜಿನಲ್ಲಿ ಕಳೆದು, ಉಳಿಸಿದ ಹಣವನ್ನು ಬಿಡಿಭಾಗಗಳಿಗೆ ಸುರಿದು, ಎಂಜಿನ್ನನ್ನು ಬಿಚ್ಚಿ ಮತ್ತೆ ಕೂಡಿಸಿದವನಿಗೆ ಅದನ್ನು ಮೊದಲ ಬಾರಿ ಚಾಲೂ ಮಾಡುವ ಗಳಿಗೆಯೇ ಅಗ್ನಿಪರೀಕ್ಷೆ. ಹೊಸ ಬೇರಿಂಗುಗಳಿಗೆ ಕೀಲೆಣ್ಣೆ ತಲಪದೆ ಹೋದರೆ ತಿಂಗಳುಗಳ ಶ್ರಮ ಕೆಲವೇ ನಿಮಿಷಗಳಲ್ಲಿ ನೀರುಪಾಲಾಗುತ್ತದೆ.

ಇಂತಹ ಹವ್ಯಾಸಿಗಳ ಮೆಚ್ಚಿನ ಕಾರುಗಳಲ್ಲಿ ಮಾರಿಸ್ ಮೈನರ್ ಒಂದು. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಪುಟ್ಟ ವಾಹನ 1948ರಲ್ಲಿ ಹೊರಬಂದಿತು. ತಯಾರಿಕೆ ನಿಲ್ಲುವ ವೇಳೆಗೆ 16 ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗಿಳಿದಿದ್ದವು. ನಮ್ಮ ದೇಶದಲ್ಲಿ ಇದೇ ಕಾರು ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಿಂದ ಓಡಾಡಿತು. 1952ರಿಂದ ಮೈನರ್ ಕಾರಿಗೆ ‘ಎ-ಸೀರೀಸ್’ ಎಂಬ ಎಂಜಿನ್ನನ್ನು ಜೋಡಿಸತೊಡಗಿದರು. ಈ ವಂಶದ ಎಂಜಿನ್ನುಗಳು ಮಿನಿ ಕಾರಿನಲ್ಲಿ 2000ದವರೆಗೂ ಬಾಳಿದವು.

ಈ ಎಂಜಿನ್ನಿನಲ್ಲಿ ಎಣ್ಣೆ ಹರಿಯುವ ದಾರಿಯನ್ನು ಮೊದಲು ತಿಳಿಯಬೇಕು. ತಳದ ತೊಟ್ಟಿಯಲ್ಲಿರುವ ಎಣ್ಣೆಯನ್ನು ಪಂಪು ಜಾಲರಿಯ ಮೂಲಕ ಹೀರಿಕೊಳ್ಳುತ್ತದೆ. ಅಲ್ಲಿಂದ ಅದು ಫಿಲ್ಟರನ್ನು ಹಾದು ಎಂಜಿನ್ನಿನ ಉದ್ದಕ್ಕೂ ಕೊರೆದಿರುವ ಹೆಗ್ಗಾಲುವೆಯನ್ನು ಸೇರಿ, ಕ್ರ್ಯಾಂಕ್‌ಷಾಫ್ಟಿನ ಬೇರಿಂಗುಗಳಿಗೂ ಕ್ಯಾಮ್‌ಷಾಫ್ಟಿನ ಬೇರಿಂಗುಗಳಿಗೂ ಹಂಚಿಹೋಗುತ್ತದೆ. ಕ್ಯಾಮ್‌ಷಾಫ್ಟಿನ ಮುಂದಿನ ಬೇರಿಂಗಿನಿಂದ ಕಿರಿದಾದ ರಂಧ್ರವೊಂದು ಮೇಲೇರಿ, ಕವಾಟಗಳನ್ನು ತೆರೆಯುವ ರಾಕರುಗಳಿಗೆ ಎಣ್ಣೆಯುಣಿಸುತ್ತದೆ.

ಅನುಭವವಿಲ್ಲದವರು ಎಡವುವುದು ಒತ್ತಡಮಾಪಕದ ಮುಳ್ಳನ್ನು ನಂಬಿ. ಓಡುವಾಗ ಚದರ ಅಂಗುಲಕ್ಕೆ ಸುಮಾರು 60 ಪೌಂಡು, ನಿಂತಲ್ಲೇ ತಿರುಗುವಾಗ 15 ಪೌಂಡು ತೋರಿದರೆ ಎಲ್ಲವೂ ಸರಿಯಾಗಿದೆಯೆಂದು ಅವರು ನಿಶ್ಚಿಂತರಾಗುತ್ತಾರೆ. ಆದರೆ ಮುಳ್ಳು ಹೇಳುವುದು ಒತ್ತಡವನ್ನೇ ಹೊರತು ಹರಿವನ್ನಲ್ಲ. ಕೆರೆ ತುಂಬಿದ್ದರೂ ಕಾಲುವೆಯ ಕೊನೆಯ ಗದ್ದೆ ಒಣಗಿರಬಹುದಷ್ಟೆ! ಕ್ಯಾಮ್‌ಷಾಫ್ಟಿನ ಹೊಸ ಬೇರಿಂಗನ್ನು ಕೂರಿಸುವಾಗ ಅದರ ತೂತು ಎಂಜಿನ್ನಿನ ತೂತಿಗೆ ನೇರವಾಗಿ ಹೊಂದದಿದ್ದರೆ, ಮಾಪಕ 60 ತೋರಿಸುತ್ತಿರುವಾಗಲೇ ಮೇಲಿನ ರಾಕರುಗಳು ಎಣ್ಣೆಯಿಲ್ಲದೆ ಸವೆಯುತ್ತಿರುತ್ತವೆ. ಸಂದುಗಳಿಗೆ ಧಾರಾಳವಾಗಿ ಬಳಿದ ಅಂಟಿನ ತುಣುಕೊಂದು ರಂಧ್ರದಲ್ಲಿ ಸಿಕ್ಕಿದರೂ ಇದೇ ಗತಿ. ಮುಚ್ಚಳ ತೆಗೆದು, ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ ರಾಕರುಗಳಲ್ಲಿ ಎಣ್ಣೆ ಜಿನುಗುವುದನ್ನು ಕಣ್ಣಾರೆ ಕಾಣುವುದೇ ಇದಕ್ಕೆ ನೇರವಾದ ಪರೀಕ್ಷೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಬೇರಿಂಗಿಗೂ ಷಾಫ್ಟಿಗೂ ನಡುವೆ ಇರಬೇಕಾದ ತೆರಪು ಅಂಗುಲದ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಒತ್ತಡ ಅಷ್ಟೇ ಇದ್ದು ಈ ತೆರಪು ಇಮ್ಮಡಿಯಾದರೆ, ಸೋರುವ ಎಣ್ಣೆ ಸುಮಾರು ಎಂಟರಷ್ಟಾಗುತ್ತದೆ. ಆಗ ಹರಿವು ಹೇರಳವಾಗಿದ್ದರೂ ಒತ್ತಡ ನಿಲ್ಲುವುದಿಲ್ಲ. ತಣ್ಣಗಿರುವಾಗ ಚೆನ್ನಾಗಿದ್ದ ಮುಳ್ಳು, ಎಂಜಿನ್ ಬಿಸಿಯಾಗಿ ಎಣ್ಣೆ ತೆಳುವಾದೊಡನೆ ಕುಸಿಯುವುದು ಈ ದೋಷದ ಮುಖ್ಯ ಲಕ್ಷಣ. ಗಟ್ಟಿಯಾದ ಎಣ್ಣೆಯನ್ನು ಸುರಿದರೆ ಮುಳ್ಳು ಮೇಲೇರುವುದು ನಿಜ. ಆದರೆ ಅದು ರೋಗವನ್ನು ಮರೆಮಾಡುವುದಲ್ಲದೆ ಗುಣಪಡಿಸದು.

ಮುಳ್ಳು ಮೇಲೇಳದೆಯೇ ಇದ್ದರೆ ಏನು ಮಾಡಬೇಕು? ಜಾಣನಾದವನು ಎಂಜಿನ್ನನ್ನು ಒಡನೆಯೇ ನಿಲ್ಲಿಸುತ್ತಾನೆ. ತೊಟ್ಟಿಯಲ್ಲಿ ಎಣ್ಣೆಯ ಮಟ್ಟವನ್ನು ನೋಡಿ, ಬೇರೊಂದು ಮಾಪಕವನ್ನು ಜೋಡಿಸಿ ಮೊದಲಿನದು ಸುಳ್ಳು ಹೇಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾನೆ. ಅನಂತರ ಹೊರಗಿನಿಂದಲೇ ಬಿಚ್ಚಬಹುದಾದ ಒತ್ತಡನಿಯಂತ್ರಕ ಕವಾಟವನ್ನು ಪರೀಕ್ಷಿಸುತ್ತಾನೆ. ಒಂದು ಮರಳಿನ ಕಣ ಸಿಕ್ಕಿ ಅದು ತೆರೆದೇ ಉಳಿದರೆ, ಪಂಪು ಎತ್ತಿದ ಎಣ್ಣೆಯೆಲ್ಲ ಮರಳಿ ತೊಟ್ಟಿಗೇ ಬೀಳುತ್ತದೆ. ಹೀರುಕೊಳವೆಯ ಸಂದಿನಲ್ಲಿ ಗಾಳಿ ಸೇರುತ್ತಿರಬಹುದು. ಶುದ್ಧಿಗಾಗಿ ತೆಗೆದ ಕಾಲುವೆಯ ಬಿರಡೆಯೊಂದನ್ನು ಮತ್ತೆ ಹಾಕಲು ಮರೆತಿರಬಹುದು. ಸುಲಭವಾದುದು ಮೊದಲು, ಕಷ್ಟವಾದುದು ಕೊನೆಗೆ. ಅಳತೆ ಮೊದಲು, ಬಿಚ್ಚುವುದು ಆಮೇಲೆ. ಈ ಕ್ರಮ ತಪ್ಪಿದವರು ಸರಿಯಾಗಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ.

ಈ ತೊಂದರೆಗಳಲ್ಲಿ ಕೆಲವನ್ನು ಮುಂಜಾಗ್ರತೆಯಿಂದಲೇ ತಪ್ಪಿಸಬಹುದು. ಒಣಗಿದ ಪಂಪು ಎಣ್ಣೆಯನ್ನು ಹೀರಲಾರದು. ಆದುದರಿಂದ ಜೋಡಿಸುವಾಗಲೇ ಅದರೊಳಗೆ ಎಣ್ಣೆಯನ್ನೋ ವ್ಯಾಸಲೀನನ್ನೋ ತುಂಬುತ್ತಾರೆ. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಮುಳ್ಳು ಏಳುವವರೆಗೆ ಎಂಜಿನ್ನನ್ನು ಸ್ಟಾರ್ಟರಿನಿಂದ ಬಿಟ್ಟು ಬಿಟ್ಟು ತಿರುಗಿಸುತ್ತಾರೆ. ಆಗ ಸಿಲಿಂಡರುಗಳಲ್ಲಿ ಒತ್ತಡವಿಲ್ಲದುದರಿಂದ ಬೇರಿಂಗುಗಳ ಮೇಲೆ ಭಾರ ಬೀಳುವುದಿಲ್ಲ. ಮುಳ್ಳು ಎದ್ದ ಮೇಲೆಯೇ ಪ್ಲಗ್ಗುಗಳನ್ನು ಮತ್ತೆ ಹಾಕುವುದು.

ಕೆಲವು ನೂರು ಮೈಲಿ ಓಡಿದ ಬಳಿಕ ಮೊದಲ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೂಲಕ ಸೋಸಿ ನೋಡುವುದು ಒಳ್ಳೆಯದು. ಬಟ್ಟೆಯ ಮೇಲೆ ಹೊಳೆಯುವ ಲೋಹದ ಪುಡಿ ಧಾರಾಳವಾಗಿ ಕಂಡರೆ, ಮಾಪಕ ಏನನ್ನೇ ತೋರಿಸಲಿ, ಒಳಗೆಲ್ಲೋ ಎಣ್ಣೆ ತಲಪದ ಬೇರಿಂಗೊಂದು ಸವೆಯುತ್ತಿರಬಹುದೆಂದು ಶಂಕಿಸಬೇಕು. ಬಟ್ಟೆ ಶುಭ್ರವಾಗಿದ್ದರೆ ಆ ಹಳೆಯ ಎಂಜಿನ್ ಇನ್ನೂ ಬಹುಕಾಲ ಬಾಳೀತು.