ಸಂಜಿ ಹೊತ್ತು ಯಾರ ಜೋಡಿ?

ಹೊತ್ತು ಇಳಿಯುತ್ತಿದ್ದಂತೆ ರಾಯಚೂರು ಜಿಲ್ಲೆಯ ನೀರಮಾನ್ವಿಯ ರಸ್ತೆ ಬದಿ ಗಿಜಿಗುಡುತ್ತದೆ. ಹತ್ತಿ ಬಿಡಿಸಲು ಹೋದ ಹೆಣ್ಣುಮಕ್ಕಳು ಟಂಟಂನಿಂದ ಇಳಿಯುತ್ತಾರೆ. ಸೆರಗಿಗೆ, ತುರುಬಿಗೆ ಹತ್ತಿಯ ಎಳೆ ಅಂಟಿರುತ್ತದೆ. ಯಲ್ಲಮ್ಮನ ಗುಡಿಗೆ ಬಂದವರು ಹಣೆತುಂಬ ಭಂಡಾರ ಬಳಿದುಕೊಂಡು ಬಸ್ಸಿಗೆ ಕಾಯುತ್ತಾರೆ. ಕೂಲಿ ಕೈಗೆ ಬಂದ ಗಂಡಸರ ಕಾಲು ತಾನಾಗಿ ಒಂದು ದಿಕ್ಕಿಗೆ ತಿರುಗುವುದೂ ಇದೇ ಹೊತ್ತಿಗೆ. ಕುಡಿತ ಬಿಟ್ಟವನಿಗೆ ಇಡೀ ದಿನದಲ್ಲಿ ಈ ಗಳಿಗೆಯಷ್ಟು ಕಠಿಣವಾದದ್ದು ಮತ್ತೊಂದಿಲ್ಲ. ಬಾಟಲಿಯ ಜತೆ ಅವನು ಗೆಳೆಯರನ್ನೂ ಬಿಟ್ಟಿರುತ್ತಾನೆ. "ಬಿಟ್ಟೆ, ಖರೆ. ಸಂಜಿಗೆ ಎಲ್ಲಿ ಹೋಗಿ ಕುಂದರ್ಲಿ?" ಎಂದು ಅವನು ಕೇಳಿದರೆ ಮನೆಯವರು ಏನು ಹೇಳಿಯಾರು? ಅದಕ್ಕೆ ಉತ್ತರ ಗೊತ್ತಿರುವುದು ಅವನಿಗಿಂತ ಮೊದಲು ಬಿಟ್ಟವರಿಗೆ.

ಈ ಸೀಮೆಯಲ್ಲಿ ಅಂಥವರನ್ನು ಹುಡುಕುವವರು ಧರ್ಮಸ್ಥಳ ಸಂಘದ ಹೆಣ್ಣುಮಕ್ಕಳನ್ನು ಕೇಳುವುದು ಲೇಸು. ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಎಲ್ಲಿ, ಯಾವಾಗ ಎಂಬ ಸುದ್ದಿ ಮೊದಲು ಮುಟ್ಟುವುದು ಅವರಿಗೇ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಊಟ, ನಿದ್ದೆ, ಮಾತು. ಶಿಬಿರಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆಮೇಲಿನದು. ಶಿಬಿರ ಮುಗಿಸಿ ಬಂದವರೇ ಸೇರಿ ನವಜೀವನ ಸಮಿತಿ ಕಟ್ಟಿಕೊಳ್ಳುತ್ತಾರೆ. ನೂರು ದಿನ ದಾಟಿದರೆ ಶತದಿನೋತ್ಸವ ಮಾಡುತ್ತಾರೆ.

ಇಂಥ ಕೂಟದಲ್ಲಿ ಉಪದೇಶ ಕಡಿಮೆ. ಚಾಪೆಯ ಮೇಲೆ ಕೂತು ಒಬ್ಬ ಹೇಳುತ್ತಾನೆ: "ನಿನ್ನಿ ಮದುವಿಗೆ ಹೋಗಿದ್ದೆ ಮಾವಾ. ಒಂದಾ ಒಂದು ಕ್ವಾರ್ಟರ್ ಅಂದ್ರು. ಉಣ್ಣಲಾರದೇ ಎದ್ದು ಬಂದೆ."

"ಚಲೋ ಮಾಡ್ದಿ ಅಳಿಯಾ. ಇನ್ನೊಮ್ಮೆ ಹಂಗಾದ್ರ ನನಗ ಫೋನ್ ಹಚ್ಚು, ಗಾಡಿ ತಗೊಂಡು ಬರ್ತೀನಿ."

ಮಾವ ಎನಿಸಿಕೊಂಡವನೂ ಒಂದು ಕಾಲಕ್ಕೆ ಅದೇ ಕ್ವಾರ್ಟರ್‌ಗೆ ಕೈ ಚಾಚಿದವನು. ಅವನ ಮಾತಿಗೆ ತೂಕ ಬಂದದ್ದು ಅದರಿಂದಲೇ. ಎಡವಿ ಮತ್ತೆ ಕುಡಿದವನಿಗೂ ಆ ಚಾಪೆಯ ಮೇಲೆ ಜಾಗವಿರಬೇಕು. ಅವನನ್ನು ಎಬ್ಬಿಸಿ ಕಳಿಸಿದರೆ ಅಂಥ ಬಳಗ ಕಟ್ಟಿ ಏನು ಬಂತು?

ಇಂಥ ಬಳಗ ಹೊಸದೇನೂ ಅಲ್ಲ. 1935ರಲ್ಲಿ ಅಮೆರಿಕದ ಅಕ್ರಾನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾದದ್ದೇ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಬಳಗಕ್ಕೆ ಬುನಾದಿ. ಅಲ್ಲಿ ಪೂರ್ತಿ ಹೆಸರು ಹೇಳಬೇಕಿಲ್ಲ. ಹಳ್ಳಿಯಲ್ಲಿ ಹೆಸರು ಬಚ್ಚಿಡುವುದು ಎಲ್ಲಿ ಬಂತು? ನಿನ್ನೆ ರಾತ್ರಿ ಯಾರು ಯಾವ ಕಟ್ಟೆಯ ಬಳಿ ಬಿದ್ದಿದ್ದರೆಂದು ಓಣಿಗೆಲ್ಲ ಗೊತ್ತು. ಹಾಗಾಗಿ ನಮ್ಮ ಕಡೆಯ ದಾರಿ ಬಹಿರಂಗದ್ದು. ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ, ಮಂದಿಯ ಎದುರಿಗೇ ಚಟಗಳನ್ನು ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಸರ್ಕಾರ ನಿಷೇಧಿಸಿದ್ದರಿಂದ 2007ರ ಜುಲೈ 1ರಿಂದ ರಾಜ್ಯದಲ್ಲಿ ಸರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಂಗಸರಲ್ಲಿ ರಾಯಚೂರು ಜಿಲ್ಲೆಯವರೂ ಇದ್ದರು. ಅಂಗಡಿ ಮುಚ್ಚಿಸುವ ಅವರ ಹಟ ನ್ಯಾಯದ್ದು. ಆದರೆ ಅಂಗಡಿ ಮುಚ್ಚುವವರೆಗೆ ಮನೆಯಲ್ಲಿರುವವನನ್ನು ಉಳಿಸಿಕೊಳ್ಳಬೇಕಲ್ಲ.

ಒಂದು ಎಚ್ಚರ ಬೇಕೇಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಡಾಕ್ಟರನ್ನು ಕೇಳದೆ ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಎರಡು-ಮೂರು ದಿನಕ್ಕೆ ಇಲ್ಲದ್ದು ಕಂಡಂತಾಗಿ ಬಡಬಡಿಸಬಹುದು, ಜೀವಕ್ಕೇ ಕುತ್ತು. ಈ ಜಿಲ್ಲೆಯಲ್ಲಿ ಸಿಎಚ್ (ಕ್ಲೋರಲ್ ಹೈಡ್ರೇಟ್) ಪುಡಿ ಬೆರೆಸಿದ ಹೆಂಡದ ಚಟವೂ ಇದೆ, ಅದನ್ನು ಬಿಡುವಾಗಲೂ ಇದೇ ಗಂಡಾಂತರ. ಮೊದಲು ಮಾನ್ವಿಯ ಸರ್ಕಾರಿ ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಕರೆದೊಯ್ಯಿರಿ, ಆಮೇಲೆ ಚಾಪೆ. ಅವನು ಬರಲೊಲ್ಲೆ ಎಂದರೆ ಹೆಂಡತಿ, ತಾಯಿ, ಮಗಳು ಯಾರೇ ಆಗಲಿ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಹಚ್ಚಿ ಕೇಳಬಹುದು. ಆ ಕರೆಗೆ ದುಡ್ಡಿಲ್ಲ.