ಮನೆಯ ಅಂತರಜಾಲ ಸಂಪರ್ಕದ ಹಂಚಿಕೆ: ಚಂದಾದಾರರ ಗಮನಕ್ಕೆ

ಒಂದೇ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ರೂಟರ್ ಮೂಲಕ ಮನೆಯ ಹಲವು ಗಣಕಯಂತ್ರಗಳಲ್ಲಿ ಬಳಸಬಹುದಾಗಿದೆ. ರೂಟರ್ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಆಂತರಿಕ ವಿಳಾಸವನ್ನು ನೀಡುತ್ತದೆ; ಆದರೆ ಹೊರಗಿನ ಜಾಲಕ್ಕೆ ಇವೆಲ್ಲವೂ ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಲ್ಲಿ ಗೋಚರಿಸುತ್ತವೆ. ಆದುದರಿಂದ ಸಂಪರ್ಕವನ್ನು ಯಾರೇ ದುರ್ಬಳಕೆ ಮಾಡಿದರೂ ತನಿಖೆಯು ಮೊದಲು ಚಂದಾದಾರರನ್ನು ತಲುಪುತ್ತದೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇ-ಮೇಲ್ ಅನ್ನು ನವಿ ಮುಂಬಯಿಯ ನಿವಾಸವೊಂದರ ಅಸುರಕ್ಷಿತ ವೈ-ಫೈ ಮೂಲಕ ಕಳುಹಿಸಲಾಗಿತ್ತು; ಆ ಮನೆಯ ನಿವಾಸಿಯು ವಿಚಾರಣೆಯನ್ನು ಎದುರಿಸಬೇಕಾಯಿತು.

ಚಂದಾದಾರರು ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ವೈ-ಫೈಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಭದ್ರತೆಯನ್ನು ಅಳವಡಿಸುವುದು. ಹಳೆಯ ಡಬ್ಲ್ಯುಇಪಿ ವಿಧಾನವು ಸುರಕ್ಷಿತವಲ್ಲ.

2. ರೂಟರ್‌ನೊಂದಿಗೆ ಬಂದ ಪಾಸ್‌ವರ್ಡ್ ಅನ್ನು ಬದಲಾಯಿಸುವುದು.

3. ವೈ-ಫೈ ಪಾಸ್‌ವರ್ಡ್ ಅನ್ನು ಅಪರಿಚಿತರಿಗೆ ನೀಡದಿರುವುದು.