ಕಲ್ಲಿದ್ದಲಿನವರ ಕ್ಲಬ್ ಪೆನ್ಯರೋಲ್

1891ರ ಸೆಪ್ಟೆಂಬರ್ 28ರಂದು ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ಬ್ರಿಟಿಷ್ ಒಡೆತನದ ರೈಲ್ವೆ ಕಂಪನಿಯ ನೌಕರರು ಸೇರಿ ಒಂದು ಕ್ರಿಕೆಟ್ ಕ್ಲಬ್ ಕಟ್ಟಿದರು. ಸೆಂಟ್ರಲ್ ಉರುಗ್ವೆ ರೈಲ್ವೆ ಕ್ರಿಕೆಟ್ ಕ್ಲಬ್ ಎಂಬುದು ಅದರ ಹೆಸರು. ಸ್ಥಾಪಕ ಸದಸ್ಯರಲ್ಲಿ ಹೆಚ್ಚಿನವರು ಇಂಗ್ಲಿಷರು, ಉಳಿದವರಲ್ಲಿ ಬಹುಪಾಲು ಉರುಗ್ವೆಯವರು. ಕೆಲವೇ ವರ್ಷಗಳಲ್ಲಿ ಕ್ರಿಕೆಟ್ ಮೂಲೆ ಸೇರಿತು, ಫುಟ್‌ಬಾಲ್ ಮೈದಾನ ಆಕ್ರಮಿಸಿತು. ದಕ್ಷಿಣ ಅಮೆರಿಕದ ಅತ್ಯಂತ ಪ್ರತಿಷ್ಠಿತ ಕ್ಲಬ್‌ಗಳಲ್ಲಿ ಒಂದಾದ ಪೆನ್ಯರೋಲ್ ಹುಟ್ಟಿದ್ದು ಹೀಗೆ.

ಪೆನ್ಯರೋಲ್ ಎಂಬುದು ರೈಲ್ವೆ ಕಾರ್ಯಾಗಾರಗಳಿದ್ದ ಬಡಾವಣೆಯ ಹೆಸರು. 18ನೇ ಶತಮಾನದಲ್ಲಿ ಇಟಲಿಯ ಪಿನೆರೋಲೊ ಊರಿನಿಂದ ಬಂದು ನೆಲೆಸಿದ ವಲಸೆಗಾರನಿಂದ ಆ ಜಾಗಕ್ಕೆ ಬಂದ ಹೆಸರು ಸ್ಪ್ಯಾನಿಷ್ ನಾಲಿಗೆಯಲ್ಲಿ ಪೆನ್ಯರೋಲ್ ಆಯಿತು. ಜೆರ್ಸಿಯ ಹಳದಿ–ಕಪ್ಪು ಪಟ್ಟಿಗಳೂ ರೈಲ್ವೆಯ ಬಳುವಳಿಯೇ. ಉಗಿಬಂಡಿಗಳಿಗೆ ಕಲ್ಲಿದ್ದಲು ತುಂಬುತ್ತಿದ್ದವರ ನೆನಪಿಗೆ ಅಭಿಮಾನಿಗಳು ಇಂದಿಗೂ ತಮ್ಮನ್ನು ‘ಕಾರ್ಬೊನೆರೊಸ್’, ಅಂದರೆ ಕಲ್ಲಿದ್ದಲಿನವರು, ಎಂದೇ ಕರೆದುಕೊಳ್ಳುತ್ತಾರೆ. ಲಾಂಛನದಲ್ಲಿ ಮಿನುಗುವ 11 ನಕ್ಷತ್ರಗಳು ತಂಡದ 11 ಆಟಗಾರರ ಸಂಕೇತ.

1900ರಲ್ಲಿ ಉರುಗ್ವೆಯ ಮೊದಲ ಲೀಗ್ ನಡೆದಾಗ ಪ್ರಶಸ್ತಿ ಗೆದ್ದದ್ದು ಇದೇ ರೈಲ್ವೆ ತಂಡ. ಅಭಿಮಾನಿಗಳ ಗಲಾಟೆ, ಆಟಕ್ಕಾಗಿ ಕೆಲಸ ತಪ್ಪಿಸುವ ನೌಕರರು, ಇವೆಲ್ಲ ಕಂಪನಿಗೆ ತಲೆನೋವಾದವು. 1913–14ರಲ್ಲಿ ಫುಟ್‌ಬಾಲ್ ವಿಭಾಗ ಕಂಪನಿಯಿಂದ ಬೇರೆಯಾಗಿ ಪೆನ್ಯರೋಲ್ ಎಂಬ ಹೆಸರು ತಳೆಯಿತು. ಹಾಗಾದರೆ ಕ್ಲಬ್ಬಿನ ಜನ್ಮವರ್ಷ 1891 ಹೌದೋ ಅಲ್ಲವೋ? 1899ರಲ್ಲಿ ಹುಟ್ಟಿದ ಬದ್ಧ ಎದುರಾಳಿ ನ್ಯಾಸಿಯೊನಾಲ್‌ನ ಬೆಂಬಲಿಗರು 1913 ಎಂದೇ ಪಟ್ಟು ಹಿಡಿಯುತ್ತಾರೆ. ಯಾರು ಹಿರಿಯರು ಎಂಬ ಈ ಜಗಳ ಮಾಂಟೆವಿಡಿಯೊದಲ್ಲಿ ಇನ್ನೂ ಮುಗಿದಿಲ್ಲ. ಊರಿನ ಜನ ಈ ಎರಡು ಕ್ಲಬ್‌ಗಳ ನಡುವೆ ಹಂಚಿಹೋಗಿರುವುದರಿಂದ ಇದು ಬರೀ ಕಾಗದಪತ್ರದ ಪ್ರಶ್ನೆಯಾಗಿ ಉಳಿದಿಲ್ಲ.

1950ರ ವಿಶ್ವಕಪ್‌ನ ನಿರ್ಣಾಯಕ ಪಂದ್ಯದಲ್ಲಿ ಪೆನ್ಯರೋಲ್‌ನ ಕಸುವು ಇಡೀ ಜಗತ್ತಿಗೆ ಕಂಡಿತು. ಜುಲೈ 16ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಮೊದಲ ಗೋಲೂ ಅದರದ್ದೇ. ಆಗ ಉರುಗ್ವೆಯ ನಾಯಕ ಒಬ್ದುಲಿಯೊ ವರೇಲಾ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದಿಷ್ಟೂ ಅವಸರವಿಲ್ಲದೆ ನಡೆದು, ರೆಫರಿಯೊಡನೆ ವಾದಕ್ಕಿಳಿದರು. ಮೈದಾನದ ಅಬ್ಬರ ಇಳಿಯುವವರೆಗೆ ಆಟ ಮತ್ತೆ ಶುರುವಾಗಲು ಬಿಡಲಿಲ್ಲ. ಆಮೇಲೆ ಸ್ಕಿಯಾಫಿನೊ, ಗಿಗ್ಗಿಯಾ ಒಂದೊಂದು ಗೋಲು ಹೊಡೆದು 2–1ರಿಂದ ವಿಶ್ವಕಪ್ ಗೆಲ್ಲಿಸಿದರು. ಈ ಮೂವರೂ, ಗೋಲ್‌ಕೀಪರ್ ಮಾಸ್ಪೊಲಿಯೂ ಪೆನ್ಯರೋಲ್‌ನವರೇ.

1960ರಲ್ಲಿ ಕೋಪಾ ಲಿಬರ್ತದೊರೆಸ್ ಆರಂಭವಾಯಿತು. ಖಂಡದ ಈ ಕ್ಲಬ್ ಟೂರ್ನಿಯ ಮೊದಲೆರಡು ವರ್ಷದ ಕಪ್‌ಗಳೂ ಪೆನ್ಯರೋಲ್ ಪಾಲಾದವು. 1961ರಲ್ಲಿ ಪೋರ್ಚುಗಲ್‌ನ ಬೆನ್‌ಫಿಕಾವನ್ನು ಸೋಲಿಸಿ, ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ನರ ನಡುವಿನ ಇಂಟರ್‌ಕಾಂಟಿನೆಂಟಲ್ ಕಪ್ಪನ್ನೂ ತಂದಿತು. ತಂಡದ ಜೀವಾಳ ಎಕ್ವಡಾರ್‌ನ ಆಲ್ಬರ್ಟೊ ಸ್ಪೆನ್ಸರ್. ತಲೆಯಿಂದ ಗೋಲು ಹೊಡೆಯುವುದರಲ್ಲಿ ಅವರು ಎತ್ತಿದ ಕೈ. ಲಿಬರ್ತದೊರೆಸ್‌ನಲ್ಲಿ ಅವರ 54 ಗೋಲುಗಳ ದಾಖಲೆಯನ್ನು ಇದುವರೆಗೆ ಯಾರೂ ಮುರಿದಿಲ್ಲ.

1966ರ ಲಿಬರ್ತದೊರೆಸ್ ಫೈನಲ್ ಅಂತೂ ಮರೆಯಲಾಗದ್ದು. ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಮೂರನೇ, ನಿರ್ಣಾಯಕ ಪಂದ್ಯದಲ್ಲಿ ಅರ್ಜೆಂಟೀನಾದ ರಿವರ್ ಪ್ಲೇಟ್ 2–0 ಮುಂದಿತ್ತು. ಗೋಲಿನತ್ತ ಬಂದ ಚೆಂಡೊಂದನ್ನು ರಿವರ್‌ನ ಗೋಲ್‌ಕೀಪರ್ ಅಮದೆಯೊ ಕರಿಸೊ ಎದೆಯೊಡ್ಡಿ ತಡೆದರು. ಇದು ತಮಗೆ ಮಾಡಿದ ಅವಮಾನವೆಂದು ಪೆನ್ಯರೋಲ್ ಆಟಗಾರರು ಕೆರಳಿದರು ಎಂಬುದು ಅಂದಿನಿಂದ ನಡೆದುಬಂದ ಮಾತು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ ಪೆನ್ಯರೋಲ್ ಪರ 4–2ರಲ್ಲಿ ಮುಗಿಯಿತು. ರಿವರ್ ತಂಡ ಊರಿಗೆ ಮರಳಿದ ಮೇಲೆ ಅಲ್ಲಿನ ಇನ್ನೊಂದು ಕ್ಲಬ್ ಬ್ಯಾನ್‌ಫೀಲ್ಡ್‌ನ ಅಭಿಮಾನಿಗಳು ಕೆಂಪು ಪಟ್ಟೆ ಬಳಿದ ಬಿಳಿ ಕೋಳಿಯನ್ನು ಮೈದಾನಕ್ಕೆ ಬಿಟ್ಟರು. ರಿವರ್‌ಗೆ ಅಂಟಿದ ‘ಕೋಳಿಗಳು’ ಎಂಬ ಅಡ್ಡಹೆಸರು ಇನ್ನೂ ಹೋಗಿಲ್ಲ. ಅದೇ ವರ್ಷ ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ ಪೆನ್ಯರೋಲ್ ಯುರೋಪಿನ ಚಾಂಪಿಯನ್ ರಿಯಲ್ ಮ್ಯಾಡ್ರಿಡನ್ನು ಮಾಂಟೆವಿಡಿಯೊದಲ್ಲೂ ಮ್ಯಾಡ್ರಿಡ್‌ನಲ್ಲೂ 2–0ರಿಂದ ಮಣಿಸಿತು.

ಕೊನೆಗಳಿಗೆಯಲ್ಲಿ ಪಂದ್ಯ ತಿರುಗಿಸುವುದು ಈ ಕ್ಲಬ್ಬಿನ ಗುಣವೇ ಆಗಿಹೋಯಿತು. 1982ರ ಲಿಬರ್ತದೊರೆಸ್ ಫೈನಲ್‌ನಲ್ಲಿ ಫೆರ್ನಾಂಡೊ ಮೊರೆನಾ ಆಟ ಮುಗಿಯುವ ಹೊತ್ತಿಗೆ ಗೋಲು ಹೊಡೆದು ಚಿಲಿಯ ಕೊಬ್ರೆಲೋವಾದ ಆಸೆಗೆ ತಣ್ಣೀರೆರಚಿದರು. ಆ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಇಂಗ್ಲೆಂಡ್‌ನ ಆ್ಯಸ್ಟನ್ ವಿಲ್ಲಾ ವಿರುದ್ಧ 2–0 ಜಯ. ಅದು ಮೂರನೇ ಇಂಟರ್‌ಕಾಂಟಿನೆಂಟಲ್ ಕಪ್. 1987ರ ಲಿಬರ್ತದೊರೆಸ್ ಫೈನಲ್‌ನಲ್ಲಿ ಎದುರಾಳಿ ಕೊಲಂಬಿಯಾದ ಅಮೆರಿಕಾ ದೆ ಕಾಲಿ. ಮತ್ತೆ ಸ್ಯಾಂಟಿಯಾಗೊ, ಮತ್ತೆ ಮೂರನೇ ಪಂದ್ಯ, ಮತ್ತೆ ಹೆಚ್ಚುವರಿ ಅವಧಿ. ಗೋಲಿಲ್ಲದೆ ಮುಗಿದರೆ ಗೋಲು ವ್ಯತ್ಯಾಸದಲ್ಲಿ ಕಪ್ ಕಾಲಿಯದು. 120ನೇ ನಿಮಿಷ. 22 ವರ್ಷದ ಡಿಯೆಗೊ ಅಗಿರ್ರೆ ಎಡಗಾಲಲ್ಲಿ ಹೊಡೆದ ಚೆಂಡು ಬಲೆ ಸೇರಿತು. ತರಬೇತುದಾರರಾಗಿದ್ದ ಆಸ್ಕರ್ ತಬಾರೆಸ್ ಮುಂದೆ ಉರುಗ್ವೆ ರಾಷ್ಟ್ರೀಯ ತಂಡವನ್ನು ಬಹುಕಾಲ ಮುನ್ನಡೆಸಿದರು.

ಆ ಐದನೇ ಲಿಬರ್ತದೊರೆಸ್ಸೇ ಈವರೆಗಿನ ಕೊನೆಯದು. ಬ್ರೆಜಿಲ್, ಅರ್ಜೆಂಟೀನಾಗಳ ಹಣಬಲದ ಮುಂದೆ ಸುಮಾರು 35 ಲಕ್ಷ ಜನರ ದೇಶದ ಕ್ಲಬ್ ಪೈಪೋಟಿ ನೀಡುವುದು ಕಷ್ಟ. ಪ್ರತಿಭಾವಂತರು ಮೀಸೆ ಚಿಗುರುವ ವಯಸ್ಸಿಗೇ ಯುರೋಪಿಗೆ ಹಾರುತ್ತಾರೆ. ದೇಶದೊಳಗೆ ಮಾತ್ರ ಪಟ್ಟು ಸಡಿಲಲಿಲ್ಲ: 1993ರಿಂದ 97ರವರೆಗೆ ಸತತ ಐದು ಲೀಗ್ ಪ್ರಶಸ್ತಿ. 2011ರಲ್ಲಿ ಅಗಿರ್ರೆಯವರೇ ತರಬೇತುದಾರರಾಗಿ ತಂಡವನ್ನು ಲಿಬರ್ತದೊರೆಸ್ ಫೈನಲ್‌ಗೆ ಒಯ್ದರು. ಆದರೆ ನೇಮಾರ್ ಇದ್ದ ಬ್ರೆಜಿಲ್‌ನ ಸ್ಯಾಂಟೋಸ್ ಗೆದ್ದಿತು. 2016ರಲ್ಲಿ ಕ್ಲಬ್ ತನ್ನದೇ ಕ್ರೀಡಾಂಗಣ ಕಟ್ಟಿ ‘ಕಂಪಿಯೊನ್ ದೆಲ್ ಸಿಗ್ಲೊ’, ಶತಮಾನದ ಚಾಂಪಿಯನ್, ಎಂದು ಹೆಸರಿಟ್ಟಿತು. ಮತ್ತೆ ಮರಳಿದ ಅಗಿರ್ರೆ 2024ರಲ್ಲಿ ಲೀಗ್ ಗೆಲ್ಲಿಸಿದರು. ಆ ವರ್ಷದ ಲಿಬರ್ತದೊರೆಸ್ ಕ್ವಾರ್ಟರ್ ಫೈನಲ್‌ನಲ್ಲಿ ವರೇಲಾ ನಡೆದಾಡಿದ್ದ ಅದೇ ಮರಕಾನಾದಲ್ಲಿ ಪೆನ್ಯರೋಲ್ ಬ್ರೆಜಿಲ್‌ನ ಫ್ಲಮೆಂಗೊವನ್ನು 1–0ರಿಂದ ಸೋಲಿಸಿ, ಸೆಮಿಫೈನಲ್‌ನಲ್ಲಿ ಅದೇ ದೇಶದ ಬೊಟಫೊಗೊಗೆ ಶರಣಾಯಿತು.